ಹಗ್ಗ ಹಿಡಿದವನು

ಮುತ್ತಿನ ಪೇಟೆ ಮುಳುಗಿದ ಮಾರನೆಯ ವರ್ಷ
ರಾಸ್ ಅಲ್ ಖೈಮಾದ ಅಳಿವೆ ದಂಡೆಯಲ್ಲಿ
ಘಾನಿಮ್ ರೆಕ್ಕೆ ಕಟ್ಟತೊಡಗಿದ.
ಖರ್ಜೂರದ ಗರಿದಿಂಡು, ಹರಿದ ಹಾಯಿಬಟ್ಟೆ, ಶಾರ್ಕಿನೆಣ್ಣೆ.
ಬೆಸೆಯಲು ನಾನು, ಗಂಗೊಳ್ಳಿಯ ಬಡಗಿ,
ಮಚವೆಯಲ್ಲಿ ಬಂದು ಕೂಲಿ ಬಾಕಿಗೆಂದು ಉಳಿದವನು.

“ಮೂವತ್ತು ವರ್ಷ ಕೆಳಗೆ ಹೋದೆ,” ಅಂದ,
“ಮೇಲೇನಿದೆ ನೋಡಬೇಡವೇ?”
ಕಿವಿ ಎರಡೂ ಎಂದೋ ಒಡೆದಿದ್ದವು,
ನನ್ನ ಉತ್ತರಕ್ಕೆ ಕಾಯಲಿಲ್ಲ.

ಮೊದಲ ಸಲ ಮೂಗು. ಆಮೇಲೆ ಹೆಗಲೆಲುಬು.
ಮೂರನೆಯ ರೆಕ್ಕೆ ಏಳಲೇ ಇಲ್ಲ,
ರಾತ್ರಿ ಹೆಂಡತಿಯ ಆಡು ಬಂದು ತಿಂದಿತ್ತು.
ಮುಂದಿನವು ಲೆಕ್ಕಕ್ಕಿಲ್ಲ.
ಶಮಾಲ್ ಗಾಳಿ ಎದ್ದಾಗೆಲ್ಲ ನನ್ನ ಬಾಗಿಲು ತಟ್ಟುತ್ತಿದ್ದ
ಸಾಲ ಕೊಟ್ಟವನ ಹಾಗೆ.

ಟಪಾಲು ವಿಮಾನದ ನೆರಳು ಮರಳಮೇಲೆ ಹರಿದರೆ
ತಲೆ ಎತ್ತದೆ ಕೇಳುತ್ತಿದ್ದ:
“ಅದರ ಹಗ್ಗ ಯಾರ ಕೈಲಿದೆ?”

ಮುಳುಗುವವನಿಗೆ ಇರುವ ನಂಬಿಕೆ ಒಂದೇ,
ಜಗ್ಗಿದರೆ ದೋಣಿಯವನು ಎಳೆಯುತ್ತಾನೆ.
ಅದೇ ಹಗ್ಗವನ್ನು ನನ್ನ ಅಂಗೈಗೆ ಸುತ್ತಿದ.
ಒಂದು ಜಗ್ಗಿಗೆ ಇಳಿಸು. ಎರಡಕ್ಕೆ ಬಿಡು.

ಉಪ್ಪುಬಯಲಲ್ಲಿ ಗಾಳಿಗೆದುರಾಗಿ ಓಡಿದೆ, ಓಡಿದೆ,
ಹಿಂದೆ ಹೆಜ್ಜೆಯ ಸದ್ದು ನಿಂತಿತು.
ತಿರುಗಿದರೆ
ಆಳೆತ್ತರ, ಮೇಲೊಂದರ್ಧ.
ಮೂಗಿಗೆ ಅದೇ ಆಮೆಚಿಪ್ಪಿನ ಚಿಮಟ!
ಉಸಿರು ಬಿಗಿಹಿಡಿದು ತೂಗುತ್ತಿದ್ದಾನೆ,
ಆಕಾಶವೂ ನೀರೇ ಎಂಬಂತೆ.

ಹಗ್ಗ ಜಗ್ಗಿತು, ಒಮ್ಮೆ.
ಇನ್ನೊಂದು ಬಂತೋ, ನನ್ನ ನಾಡಿಯೋ,
ಇವತ್ತಿಗೂ ತಿಳಿಯದು.
ಹೆದರಿದೆ. ಇಳಿಸಿದೆ.

ಮೂರು ದಿನ ನನ್ನ ಮುಖ ನೋಡಲಿಲ್ಲ.
ನಾಲ್ಕನೆಯ ನಸುಕಿಗೆ ಬಾಗಿಲು ತೆರೆದರೆ
ನಿಂತಿದ್ದ, ತೋಳಿಗೆ ಸುತ್ತಿಕೊಂಡು
ಇನ್ನೂ ಉದ್ದದ ಹಗ್ಗ.