ಮುಚ್ಚಳ ಹಾಕಿ ತೆಗೆದ ಚಿತ್ರಗಳು

ಕೊರಿಯರ್ ಬಂದ ದಿನದಿಂದ ಹಾರ್ಶಮ್ ಊರಿನ ಮೇಲೆ
ಹನ್ನೊಂದು ರಾತ್ರಿ ಮೋಡ.
ಗೋಧಿ ಕೊಯ್ದ ಬಯಲಿಗೆ ತಿಂಗಳುಗಟ್ಟಲೆ ಸುಳಿಯದವು
ನನ್ನ ಕ್ಯಾಮೆರಾದ ರಸೀದಿ ನೋಡಿಕೊಂಡೇ ಬಂದವೇನೋ.

ಅಂಗೈಯಲ್ಲಿ ಕೂರುವ ಕೆಂಪು ಡಬ್ಬಿ.
ಗುಂಡಿಯಿಲ್ಲ, ಪರದೆಯಿಲ್ಲ, ಕಣ್ಣಿಡಲು ಕಿಂಡಿಯಿಲ್ಲ.
ಒಲೆ ಪಕ್ಕ ಇಟ್ಟರೆ ಇಂಗು ಹುಡುಕುವವರು ತೆರೆದು ನೋಡಿಯಾರು.
ಎರಡು ವರ್ಷದ ರಾತ್ರಿಪಾಳಿ ಭತ್ಯೆ ಇದರ ಹೊಟ್ಟೆಯಲ್ಲಿದೆ.
ಮಾರ್ಚಿನ ಸೆಕೆಯಲ್ಲಿ ನಾನು ಬೆವರುತ್ತಿದ್ದರೆ
ಇದು ಒಳಗೇ ಫ್ಯಾನು ತಿರುಗಿಸಿಕೊಂಡು
ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗಿ ಕೂರುತ್ತದೆ.

ಹಗಲು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನು.
ಉಸಿರು ಬಿಗಿಹಿಡಿಯಿರಿ, ಅಲ್ಲಾಡಬೇಡಿ, ಹಾಂ, ಬಿಡಿ.
ಅಷ್ಟೇ. ಕಣ್ಣು ಮಿಟುಕಿಸುವುದರೊಳಗೆ ಮೂಳೆ ಸಿಕ್ಕಿರುತ್ತದೆ.
ಇಲ್ಲಿ ಒಂದೊಂದು ಚಿತ್ರಕ್ಕೂ ಮೂರು ನಿಮಿಷ,
ಅಲ್ಲಾಡುತ್ತಿರುವುದು ಭೂಮಿ,
ಅದಕ್ಕೆ ಹೇಳುವವರು ಯಾರು?

ಹನ್ನೆರಡನೇ ರಾತ್ರಿ ಆಕಾಶ ಒಪ್ಪಿತು.
ಮೊದಲ ತಕರಾರು ಧ್ರುವನದು.
ನನ್ನ ಮದುವೆಯಲ್ಲಿ ಹಾಡುಹಗಲು ಹನ್ನೊಂದೂವರೆಗೆ
ಪುರೋಹಿತರು ಛತ್ರದ ಬಾಗಿಲಾಚೆ ಕೈ ಮಾಡಿ
ಧ್ರುವ, ಅರುಂಧತಿ, ಕಂಡವೇನಮ್ಮ ಅಂದಿದ್ದರು.
ಕಂಡವು ಅಂದಿದ್ದೆ. ಕಂಡದ್ದು ಐಸ್‌ಕ್ರೀಮಿನ ಸಾಲು.
ಈ ಊರಲ್ಲಿ ಆ ಸುಳ್ಳಿಗೂ ಅನುಕೂಲವಿಲ್ಲ:
ಧ್ರುವ ನಮ್ಮ ಕಾಲಡಿ, ಭೂಮಿಯ ಆ ಮಗ್ಗುಲಲ್ಲಿ.
ಅವನ ಬದಲಿಗೆ ದಕ್ಷಿಣದಲ್ಲಿ ನಾಲ್ಕು ಪೀಚು ಚುಕ್ಕಿ,
ಬೈನಾಕ್ಯುಲರಿಗೂ ಹೌದೋ ಅಲ್ಲವೋ ಅನ್ನುವಂಥವು.
ಅವನ್ನು ಹಿಡಿದು ಟ್ರೈಪಾಡು ತಿರುಗಿಸಬೇಕು.
ತಿರುಗಿಸಿದೆ ಅಂದುಕೊಂಡೆ.
ಮೊದಲ ಚಿತ್ರದಲ್ಲಿ ಚುಕ್ಕಿಗಳೆಲ್ಲ ಸೋನಾಮಸೂರಿ,
ಪರದೆ ತುಂಬ ಹರಡಿದ ಅಕ್ಕಿಕಾಳು.
ಅನ್ನ ಮಾಡಬಹುದಿತ್ತು.

ಅಷ್ಟರಲ್ಲಿ ಬೇಲಿಯಾಚೆ ನೆವಿಲ್‌ನ ದೀಪ ಭಗ್ಗೆಂದಿತು.
ಪೊಸಮ್ ಹಾದರೂ ಹೊತ್ತಿಕೊಳ್ಳುವ ದೀಪ.
ಹೋದ ತಿಂಗಳಷ್ಟೇ ಅವನ ಸೊಂಟದ ಮೂಳೆ ನೋಡಿದ್ದೆ,
ಅವನಿಗಿಂತ ಹತ್ತಿರದಿಂದ.
ಆ ಸಲಿಗೆಯಲ್ಲಿ ಕೂಗಿದೆ. ಆರಿಸಿದ.
ಆಮೇಲೆ ಚಹಾದ ಫ್ಲಾಸ್ಕು, ಊರುಗೋಲು, ಮಡಿಸುವ ಕುರ್ಚಿ,
ಒಂದೊಂದಾಗಿ ಬೇಲಿ ದಾಟಿ ಬಂದವು, ಕೊನೆಗೆ ಅವನೂ.

ಒಂಬತ್ತೂವರೆಗೆ ಕರೀನಾ ನೀಹಾರಿಕೆ.
ಮೂರು ನಿಮಿಷ. ಪರದೆಯಲ್ಲಿ ಬೂದು, ಬೂದಿನ ಮೇಲೆ ಮರಳು.
"ವಾರಿಜಾ, ಇದಕ್ಕೆಷ್ಟು ಕೊಟ್ಟೆ?" ಅಂದ ನೆವಿಲ್.
ಹೇಳಿದೆ. ಚಹಾ ಕುಡಿದ.
ಒಂದರ ಮೇಲೊಂದು ಪೇರಿಸುತ್ತ ಹೋದಂತೆ
ಇಪ್ಪತ್ತನೆಯದರ ಹೊತ್ತಿಗೆ ಏನೋ ಕಂದಿದ ಗುರುತು,
ತೊಳೆದರೂ ಹೋಗದ ದಾಳಿಂಬೆ ಕಲೆಯ ಹಾಗೆ.
ಎಂಟು ಸಾವಿರ ವರ್ಷ ನಡೆದ ಬೆಳಕು.
ಅದರ ನಡುವೆ ಯಾವುದೋ ಉಪಗ್ರಹ
ಬ್ಲೇಡಿನಿಂದ ಗೀರಿದಂತೆ ಹಾದುಹೋಗಿತ್ತು.
ನೆವಿಲ್ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ.

ಕರೀನಾ ಮರದ ಹಿಂದೆ ಇಳಿದ ಮೇಲೆ ಉಳಿದ ಕೆಲಸ:
ದೂರದರ್ಶಕಕ್ಕೆ ಮುಚ್ಚಳ ಹಾಕಿ
ಅಷ್ಟೇ ಚಳಿಯಲ್ಲಿ, ಅಷ್ಟೇ ಹೊತ್ತು,
ಬರೀ ಕತ್ತಲೆಯ ಚಿತ್ರ ಇಪ್ಪತ್ತು.
ಏನೂ ಕಾಣದಿರುವಾಗಲೂ ಕ್ಯಾಮೆರಾ ತನ್ನಷ್ಟಕ್ಕೆ
ಒಂದಿಷ್ಟು ಬೆಳಕು ಕಲ್ಪಿಸಿಕೊಳ್ಳುತ್ತದಂತೆ.
ಅದನ್ನು ಹಿಡಿದಿಟ್ಟು ಆಕಾಶದಿಂದ ಕಳೆಯಬೇಕು.
ನನಗೂ ಒಂದು ಗಂಟೆ ಯಾರಾದರೂ ಹೀಗೆ ಮುಚ್ಚಳ ಹಾಕಿದ್ದರೆ,
ಛತ್ರದ ಬಾಗಿಲಲ್ಲಿ, ಕಂಡವು ಅನ್ನುವ ಮೊದಲು.
ಯೋಚನೆ ಅಲ್ಲಿಗೇ ನಿಂತಿತು; ಹದಿನೇಳು, ಹದಿನೆಂಟು ಎಣಿಸಬೇಕಿತ್ತು.

ಬೆಳಗಾಯಿತು. ಮ್ಯಾಗ್‌ಪೈ ಹಕ್ಕಿ ಗಂಟಲು ಸರಿಮಾಡಿಕೊಂಡಿತು.
ಎಂಟೂವರೆಗೆ ಮೊದಲ ಸರದಿ,
ಟ್ರ್ಯಾಂಪೊಲಿನ್‌ನಿಂದ ಬಿದ್ದ ಏಳು ವರ್ಷದ ಹುಡುಗಿ, ಪಕ್ಕೆಲುಬು.
ಉಸಿರು ಬಿಗಿಹಿಡಿ ಅಂದೆ.
ಬಿಡು ಅನ್ನುವುದು ಮರೆತೇಹೋಯಿತು.
ಗಾಜಿನಾಚೆ ಕೆನ್ನೆ ಉಬ್ಬಿಸಿಕೊಂಡು, ಕೆಂಪಾಗುತ್ತ,
ಒಂದಿಷ್ಟೂ ಅಲ್ಲಾಡದೆ ನಿಂತೇ ಇದ್ದಳು.