ಉಲ್ಟಾ ಅಕ್ಷರ

ಪುರಭವನದ ಬ್ಯಾನರಿನಲ್ಲಿ ಬರೆಸಿದ್ದಾರೆ:
ದೇಶದ ರಂಗಭೂಮಿಗೆ ಕಣಕಟ್ಟೆ ಓಂಕಾರಯ್ಯನವರ ಕೊಡುಗೆ.
ನನ್ನನ್ನು ಎರಡನೇ ಸಾಲಿನಲ್ಲಿ ಕೂರಿಸಿ
ಎರಡು ಮಾತಾಡಿ ಅಮ್ಮಾ, ಅನ್ನುತ್ತಾರೆ.
ಏನಾಡಲಿ?
ಕೊಡುಗೆ ಅಂದರೆ ನನ್ನ ಬೆರಳಿಗೆ ಮೂರಕ್ಷರ,
ತೂಗಿದರೆ ಒಂದು ತೊಲ ಸೀಸ.

ಮೊದಲು ಅವರನ್ನು ಹುಡುಕಿಹೋದದ್ದು ಬೈಯುವುದಕ್ಕೆ.
ಅರಸೀಕೆರೆ ಜಂಕ್ಷನ್ನಿನಲ್ಲಿ ಕಂಪನಿ ಇಳಿದು
ಕೊಬ್ಬರಿ ಮಂಡಿಯ ಹಿಂದೆ ತಗಡಿನ ಥೇಟರು ಎಬ್ಬಿಸಿ
ಹನ್ನೊಂದನೇ ದಿನ.
‘ಪರದೆ’ ಅನ್ನುವ ಎಂಟು ಪುಟದ ಪತ್ರಿಕೆಯಲ್ಲಿ
ನನ್ನ ಪಾಲಿಗೆ ಒಂದೇ ವಾಕ್ಯ:
“ಚಂಪಕಮಾಲಾ ಅಳುವುದು ಗೂಡ್ಸು ಗಾಡಿಗೂ ಕೇಳಿಸುತ್ತದೆ,
ಪಕ್ಕದಲ್ಲಿ ನಿಂತ ಗಂಡನಿಗೆ ಮಾತ್ರ ಕೇಳಿಸುವುದಿಲ್ಲ.”

ಮುಖದ ಬಣ್ಣ ತೊಳೆಯದೆ ಹೋದೆ.
ಟ್ರೆಡಲ್ ತುಳಿಯುತ್ತಿದ್ದರು. ಲಗ್ನಪತ್ರಿಕೆ, ಮಂಡಿಯ ರಸೀದಿ ಪುಸ್ತಕ;
ಆ ಕಾಸಿನಲ್ಲೇ ಯಾರೂ ಕೊಳ್ಳದ ನಾಟಕಗಳು ಅಚ್ಚಾಗುತ್ತಿದ್ದದ್ದು.
ಬೈಗುಳ ಪೂರ್ತಿ ಮುಗಿಯಲು ಬಿಟ್ಟು
ಕಾಲು ನಿಲ್ಲಿಸಿ ಅಂದರು:
“ಈಗ ಆಡಿದೆಯಲ್ಲ ತಾಯಿ, ಇದು.
ಇದನ್ನು ರಾತ್ರಿ ಎಲ್ಲಿ ಬಚ್ಚಿಟ್ಟಿದ್ದೆ?”

ಅವತ್ತು ಮೆಲ್ಲಗೆ ಅತ್ತೆ.
ಗಂಡನ ಪಾತ್ರದವನು ಗಾಬರಿಯಾಗಿ ಮಾತು ಮರೆತ.
ಪಾಸು ಮುಟ್ಟದ ಮನುಷ್ಯ, ಕಡೆಯ ಬೆಂಚಿನಲ್ಲಿ
ನಾಲ್ಕಾಣೆ ಕೊಟ್ಟು ಕೂತಿದ್ದರು.
ಮುಂದಿನ ತಿಂಗಳು ಪತ್ರಿಕೆಯಲ್ಲಿ ನನ್ನ ಹೆಸರಿಲ್ಲ.
ಅದೇ ಹೊಗಳಿಕೆ ಎಂದು ತಿಳಿಯಲು ವರ್ಷ ಹಿಡಿಯಿತು.

ಕಂಪನಿ ಮುಳುಗಿತು. ಸೀನು ಸೀನರಿ ಹರಾಜು.
ಅರಮನೆಯ ಪರದೆ ಹೊದ್ದ ತೆಂಗಿನಕಾಯಿ ಲಾರಿ
ತಿಪಟೂರು ದಾರಿಯಲ್ಲಿ ಧೂಳೆಬ್ಬಿಸಿ ಹೋದದ್ದು
ನಾನೇ ಕಣ್ಣಾರೆ ಕಂಡೆ.
ಮಾರನೆಯ ದಿನ ಪ್ರೆಸ್ಸಿನ ಬಾಗಿಲಲ್ಲಿ ನಿಂತೆ.
“ಮೊಳೆ ಜೋಡಿಸಲು ಬರುತ್ತದಾ?” “ಇಲ್ಲ.”
“ಅಕ್ಷರ ಉಲ್ಟಾ ಓದಬೇಕು.”
ಓದಿದೆ. ರಂಗದ ಮೇಲೆ ನನ್ನ ಎಡಗೈ
ಜನಕ್ಕೆ ಯಾವತ್ತೂ ಬಲಗಡೆಯೇ ಅಲ್ಲವೆ?

ಒಂದು ಸಲ ಯಾರದೋ ಪೌರಾಣಿಕ,
ಮೂರನೇ ಅಂಕಕ್ಕೆ ಆಶ್ಚರ್ಯಸೂಚಕಗಳು ಮುಗಿದುಹೋದವು.
ಹೇಳಿದೆ. ನಕ್ಕರು:
“ಸೀಸ ಬುದ್ಧಿವಂತ. ಇನ್ನು ಮೇಲೆ ನಾಟಕ ಶುರುವಾಗುತ್ತೆ.”

‘ಉಪ್ಪು ತಂದ ಸೊಸೆ’ ಬರೆದವರು ಯಾರೋ.
ಪ್ರಾಂಪ್ಟರನ ಪ್ರತಿಯನ್ನು ಗೆದ್ದಲು ತಿಂದಿತ್ತು.
“ನಿನ್ನಲ್ಲಿ ಎಷ್ಟಿದೆ?”
“ನನ್ನ ಪಾತ್ರದಷ್ಟು.”
ಆಮೇಲೆ ಬರೀ ಪೋಸ್ಟು ಕಾರ್ಡು.
ಬಾಣಾವರದಲ್ಲಿ ಸೈಕಲ್ಲು ಶಾಪು ಇಟ್ಟ ಹಾಸ್ಯಗಾರ,
ಕಡೂರಿನ ಹಾರ್ಮೋನಿಯಂ ಹಯಾತಣ್ಣ,
ಪರದೆಯ ಹಿಂದೆ ಅಕ್ಕಿ ಆರಿಸುತ್ತ ಎಲ್ಲರ ಮಾತೂ
ಬಾಯಿಪಾಠ ಮಾಡಿದ್ದ ಅಡುಗೆಯ ಚೆಲುವಮ್ಮ.
ಒಬ್ಬೊಬ್ಬರೂ ಬಂದು ಸ್ಟೂಲಿನ ಮೇಲೆ ಕೂತು ಆಡಿದರು.
ಅವರು ಬರೆದರು. ನಾನು ಜೋಡಿಸಿದೆ.

ಒಂದು ಕಡೆ ಮಾತ್ರ, ಅತ್ತೆ ಬಾಗಿಲು ಹಾಕಿದ ಮೇಲೆ,
ಸೊಸೆ ಏನಂದಳು? ನನಗೇ ನೆನಪಿಲ್ಲ.
ಇನ್ನೂರು ರಾತ್ರಿ ಅಂದ ಮಾತು!
“ನೀವೇ ಬರೆದು ತುಂಬಿಸಿ,” ಅಂದೆ.
“ಅವಳ ಬಾಯಿಗೆ ನನ್ನ ಮಾತು ತುರುಕಲಾ?”
ಹಾಗೇ ಅಚ್ಚಾಯಿತು: ಇಲ್ಲಿ ಮೂರು ಸಾಲು ಕಳೆದಿವೆ.
ನೆನಪಿಟ್ಟವರ ಪಟ್ಟಿಯಲ್ಲಿ ನನ್ನದೂ ಇತ್ತು.
“ಚಂಪಕಮಾಲಾ ಅಂತಲೇ?”
“ಗಿಡ್ಡಮ್ಮ ಅಂತ,” ಅಂದು
ನನ್ನ ಹೆಸರನ್ನು ನಾನೇ ಉಲ್ಟಾ ಜೋಡಿಸಿದೆ.

ಮುನ್ನೂರು ಪ್ರತಿ. ಮಾರಿದ್ದು ನಲವತ್ತೊಂದು.
ಹೇಗೋ ಒಂದು ಕಟಕ್ ತನಕ ಹೋಗಿ
ಒಡಿಯಾ ಮಾತಿನಲ್ಲಿ ಆಡಿದರಂತೆ. ಕಾಗದ ಬಂತು:
ಕಳೆದ ಮೂರು ಸಾಲಿನಲ್ಲಿ ನಮ್ಮ ಹುಡುಗಿ
ಸುಮ್ಮನೆ ನಿಲ್ಲುತ್ತಾಳೆ,
ಜನ ಉಸಿರಾಡುವುದಿಲ್ಲ.
ಎರಡು ಸಲ ಓದಿ, ಕನ್ನಡಕ ಒರೆಸಿ, ಗೊಣಗಿದರು:
“ಎಷ್ಟು ಹೊತ್ತು ನಿಲ್ಲುತ್ತಾಳೆ ಅಂತ ಬರೆದಿಲ್ಲ ನೋಡು.”

ಈಗ ಮೈಕು ಕೈಗೆ ಕೊಟ್ಟಿದ್ದಾರೆ.
ನಿಂತಿದ್ದೇನೆ. ಇನ್ನೂ ನಿಂತಿದ್ದೇನೆ.
ಕರೆಂಟು ಹೋಯಿತೇನೋ ಅಂದುಕೊಂಡು
ಸಭೆಯ ಹುಡುಗನೊಬ್ಬ ಓಡಿಬಂದು
ಮೈಕು ತಟ್ಟುತ್ತಾನೆ.