ಹಾಲು ಮುಗಿದಿದೆ

ನವೆಂಬರಿನಿಂದ ನಮ್ಮ ಮನೆಯಲ್ಲಿ
ಅವಳಿಗೆ ಪಾತ್ರ, ನನಗೆ ಪಾತ್ರೆ.
ಐಸ್‌ಲ್ಯಾಂಡಿನ ಪಡುವಣ ಅಂಚಿನ ಊರು, ಮೂರೂವರೆಗೇ ಕತ್ತಲು.
ಬೆಟ್ಟದ ಹಿಂದೆ ಸಿಕ್ಕಿಕೊಂಡ ಸೂರ್ಯ
ಜನವರಿ ಕಳೆಯುವ ತನಕ ಈ ದಡಕ್ಕೆ ಮುಖ ತೋರಿಸುವುದಿಲ್ಲ.
ಮೀನು ಕಾರ್ಖಾನೆಯ ಪಾಳಿ ಮುಗಿಸಿ
ವಾಸನೆ ಹೋಗಲೆಂದು ನಿಂಬೆಹೋಳಿನಲ್ಲಿ ಬೆರಳು ತಿಕ್ಕಿ
ನಿಂತಲ್ಲೇ ಎರಡು ತುತ್ತು ತಿಂದು
ಹೆರ್ದಿಸ್ ಹೊರಡುತ್ತಾಳೆ, ವಿಧವೆಯಾಗಲು.

ಹೌದು, ವಿಧವೆ. ಈ ಸಲದ ನಾಟಕದಲ್ಲಿ
ಮೊದಲ ಅಂಕಕ್ಕೂ ಮುಂಚೆಯೇ ಗಂಡ ಮುಳುಗಿಹೋಗಿದ್ದಾನೆ.
ಬರೆದವಳು, ಆಡಿಸುವವಳು ಸ್ಟೈನ್‌ವೋರ್,
ಮೂವತ್ತು ವರ್ಷ ಅಂಚೆಕಚೇರಿಯಲ್ಲಿ ಕೂತು
ಊರಿನ ಎಲ್ಲರ ಕೈಬರಹ ಬಲ್ಲವಳು.
"ನಿನ್ನ ಗಂಡ ಬದುಕಿರುವುದೇ ತೊಂದರೆ ಕಣೇ" ಎಂದಳಂತೆ,
"ಅಳು ಗಂಟಲಲ್ಲೇ ನಿಂತುಬಿಡುತ್ತೆ."
ತಪ್ಪಾಯಿತು ಎಂದು ಹೇಳಿಕಳಿಸಿದೆ.

ನಾನು ಊರ ರಸ್ತೆಯ ಹಿಮ ತಳ್ಳುವ ಲಾರಿಯವನು,
ಬೆಳಗಿನ ನಾಲ್ಕಕ್ಕೆ ಏಳಬೇಕು.
ಆದರೂ ರಾತ್ರಿ ಹತ್ತಕ್ಕೆ ಅಡುಗೆಮನೆಯ ಮೇಜಿನೆದುರು
ನಾನೇ ಪಾದ್ರಿ, ನಾನೇ ಸಾಲ ವಸೂಲಿಗೆ ಬಂದವನು,
ನಾನೇ ಅವಳ ಅತ್ತೆ.
ಅತ್ತೆಯ ಮಾತಿಗೆ ನನ್ನಮ್ಮನ ದನಿ ತಂದಾಗ
ನಕ್ಕು ನಕ್ಕು ಎಂಟನೇ ಪುಟಕ್ಕೆ ಕಾಫಿ ಚೆಲ್ಲಿದಳು.
ಪುಟ ಒಣಮೀನಿನಂತೆ ಸೆಟೆದುಕೊಂಡಿತು.

ಎಲ್ಲ ಸಲೀಸಾಗಿತ್ತು ಎಂದರೆ ಸುಳ್ಳು.
ಕಾರಿಗೆ ಜ್ವರ ಏರಿದ ರಾತ್ರಿ
ಅವಳ ಫೋನು ಕೋಟಿನ ಜೇಬಿನಲ್ಲಿ, ಕೋಟು ಹೊರಗಿನ ಗೂಟದಲ್ಲಿ.
ಬಂದಾಗ ನಾನು ತುಟಿ ಬಿಚ್ಚಲಿಲ್ಲ.
ಪಾತ್ರೆಗಳೇ ಮಾತಾಡಿದವು, ಸ್ವಲ್ಪ ಜೋರಾಗಿ.
ಬೂಟು ಕಳಚದೆ ಮಗನ ಪಕ್ಕ ಕೂತಳು,
ಹಿಮ ಕರಗಿ ನೆಲದ ಮೇಲೆ ಎರಡು ಪಾದದಷ್ಟು ನೀರು.
ಬೆಳಿಗ್ಗೆ ಕೇಳಿದಳು: ಬಿಟ್ಟುಬಿಡಲೇ?
ಬೇಡ ಎನ್ನಲು ನನಗೆ ತುಸು ಹೊತ್ತು ಹಿಡಿಯಿತು.
ಆ ತುಸು ಹೊತ್ತನ್ನು
ಅವಳು ಕೇಳಿಸಿಕೊಂಡಳು.

ಮೊದಲ ಪ್ರದರ್ಶನದ ಸಂಜೆ ಬಿರುಗಾಳಿ.
ಸಭಾಭವನದ ದಾರಿಯನ್ನು ಎರಡು ಸಲ ತೆರೆದೆ
ಪುರಸಭೆಯ ಡೀಸೆಲ್ಲಿನಲ್ಲಿ, ಲೆಕ್ಕಕ್ಕೆ ಬರೆಯದೆ.
ಎಪ್ಪತ್ತು ಕುರ್ಚಿ, ಅರವತ್ತೆರಡು ಜನ, ಒಂದು ನಾಯಿ.
ಕಾರಿಗೆ ಪರದೆ ಎಳೆಯುವ ಕೆಲಸ.
ಮೂರನೇ ಸಾಲಿನಲ್ಲಿ ನಾನು,
ತೊಡೆಯ ಮೇಲೆ ನಿದ್ದೆಹೋದ ಪುಟ್ಟ ಸಾಲ್ಕಾ.

ಎರಡನೇ ಅಂಕ. ಸತ್ತವನ ಕೋಟು ಅವಳ ಕೈಯಲ್ಲಿ.
ಕೋಟು ನನ್ನದೇ, ತೋಳಿನ ತೇಪೆ ಅವಳು ಹಾಕಿದ್ದು.
ಇಲ್ಲೊಂದು ಉದ್ದ ಮಾತಿದೆ,
ಕಡಲಿಗೆ ಹಾಕುವ ಶಾಪ, ಹದಿನಾಲ್ಕು ಸಾಲು.
ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸಿಬಿಡುತ್ತೇನೆ ನಾನು.
ಅವಳು ಬಾಯಿ ತೆರೆದಳು.
ಬರಲಿಲ್ಲ.
ಹೊರಗೆ ಗಾಳಿ ಛಾವಣಿಯ ತಗಡು ಕೀಳುತ್ತಿತ್ತು,
ಪರದೆಯ ಸಂದಿಯಲ್ಲಿ ಸ್ಟೈನ್‌ವೋರಳ ಕನ್ನಡಕ ಮಿಂಚಿತು.
ಹದಿನಾಲ್ಕೂ ಸಾಲು ನನ್ನ ನಾಲಿಗೆಯ ಮೇಲೆ
ನೂಕುನುಗ್ಗಲು; ಹಲ್ಲು ಕಚ್ಚಿ ತಡೆದೆ.
ಆಗ ಅವಳು ಕೋಟನ್ನು ಗೂಟಕ್ಕೆ ಸಿಕ್ಕಿಸಿ,
ನಾನು ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ
ಬೆನ್ನು ಹಾಕಿಯೇ ಹೇಳುವ ಹಾಗೆ
ಹೇಳಿದಳು:
"ಹಾಲು ಮುಗಿದಿದೆ."

ಯಾರೂ ಕೆಮ್ಮಲಿಲ್ಲ.
ನಿಜಕ್ಕೂ ಕಡಲಿಗೆ ಗಂಡನನ್ನು ಕೊಟ್ಟ ಮುದುಕಿ ಉನ್ನೂರ್
ಹಿಂದಿನ ಸಾಲಿನಲ್ಲಿ ಕೈಚೀಲದ ಜಿಪ್ಪು ಎಳೆದ ಸದ್ದು.
ಸಾಲ್ಕಾ ಕಣ್ಣುಬಿಟ್ಟು, ಭವನಕ್ಕೆಲ್ಲ ಕೇಳುವಂತೆ,
"ಅಪ್ಪ ತರ್ತಾನೆ" ಅಂದಳು.
ಅದಕ್ಕೂ ಯಾರೂ ನಗಲಿಲ್ಲ.

ಹನ್ನೊಂದಕ್ಕೆ ಪೆಟ್ರೋಲ್ ಬಂಕಿನ ಕಿಟಕಿ ತಟ್ಟಿ
ಎರಡು ಲೀಟರ್ ಕೊಂಡೆ.
ಲಾರಿಯ ಎತ್ತರದ ಸೀಟಿನಲ್ಲಿ ಮಕ್ಕಳಿಬ್ಬರು ಒಂದೇ ಕಂಬಳಿಯೊಳಗೆ.
ಅವಳ ಒಂದು ಕೆನ್ನೆಯ ಬಣ್ಣ ಅಳಿಸಿದೆ,
ಇನ್ನೊಂದು ಇನ್ನೂ ವಿಧವೆ.
"ನಾಳೆಯೂ ಹಾಗೇ ಇರಲಿ ಅಂತಾಳೆ ಸ್ಟೈನ್‌ವೋರ್.
ಹಾಲಂತೆ, ಹಾಲು!
ನನಗೆ ಶಾಪವೇ ಬೇಕು.
ಶುರುಮಾಡು, ವಸೂಲಿಯವನ ಮಾತಿನಿಂದ."
ಗಾಜಿನ ಮೇಲೆ ಹಿಮ ಅಪ್ಪಳಿಸುತ್ತಿದೆ.
ನಾನು ಗೇರು ಬದಲಿಸಿ, ಗಂಟಲು ಸರಿಮಾಡಿ,
ಅವಳ ಬಾಗಿಲು ತಟ್ಟುತ್ತೇನೆ.